ಕಾರಿನ ನಡುಕಕ್ಕೆ ಕಡಿವಾಣ: ಸಸ್ಪೆನ್ಶನ್, ಡ್ರೈವ್‌ಲೈನ್‌ಗಳ ಸಕ್ರಿಯ ಕಂಪನ ನಿಯಂತ್ರಣವನ್ನು ನೀವೇ ಕಟ್ಟಿ ಕಲಿಯುವ ಬಗೆ

ಮೂಡಿಗೆರೆ ಕಡೆಯ ಕಾಫಿ ತೋಟದ ಡ್ರೈವರ್ ಒಬ್ಬರು ಕಳೆದ ಮಳೆಗಾಲ ಮುಗಿದ ಮೇಲೆ ತಮ್ಮ ಹಳೆಯ ಡೀಸೆಲ್ ಗಾಡಿಯನ್ನು ಹಾಸನಕ್ಕೆ ತಂದು ನಮ್ಮ ವರ್ಕ್‌ಶಾಪ್ ಮುಂದೆ ನಿಲ್ಲಿಸಿದರು. “ಎಂಬತ್ತು ದಾಟಿದ್ರೆ ಸೀಟಿನ ಕೆಳಗೆ ಗುಂಯ್ ಅಂತ ಅದುರ್ತದೆ ಸಾರ್. ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು ಹಾಕ್ಸಾಯ್ತು, ಅದುರೋದು ಮಾತ್ರ ನಿಂತಿಲ್ಲ” ಎಂದರು.

ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ತಳ್ಳಿ ಅಳೆದೆವು: 2.1 ಮೀಟರ್. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22.2 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 10.6 ಸುತ್ತು. ಡಿಫರೆನ್ಶಿಯಲ್ ಅನುಪಾತ 4.3, ಆದ್ದರಿಂದ ಎಂಜಿನ್ನಿನ ತಿರುಗುಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ 45 ಚಿಲ್ಲರೆ ಸುತ್ತು. ಫೋನಿನ ಗ್ರಾಫಿನಲ್ಲಿ ಎದ್ದು ನಿಂತದ್ದು 91 ಹರ್ಟ್ಜ್, ಅಂದರೆ ಸೆಕೆಂಡಿಗೆ 91 ಸಲ, ಸರಿಯಾಗಿ ಅದರ ಎರಡರಷ್ಟು. ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ಅದುರುವುದು ಶಾಫ್ಟನ್ನು ಓರೆಯಲ್ಲೂ ತಿರುಗಲು ಬಿಡುವ ಕೀಲಿನ, ಅಂದರೆ ಯೂನಿವರ್ಸಲ್ ಜಾಯಿಂಟಿನ ಲಕ್ಷಣ. ಬಿಚ್ಚಿ ನೋಡಿದರೆ ಹಿಂದಿನ ಜಾಯಿಂಟಿನ ನಡುವಿನ ತುಂಡು, ಅಂದರೆ ಕ್ರಾಸ್, ಸವೆದು ಆಡುತ್ತಿತ್ತು. ಅದನ್ನು ಬದಲಿಸಿದ ಮೇಲೆ ಗುಂಯ್ ನಿಂತಿತು.

ಸೆನ್ಸರ್, ಕಂಪ್ಯೂಟರ್, ಆಜ್ಞೆಗೆ ತಕ್ಕಂತೆ ತಳ್ಳುವ ಆಕ್ಚುಯೇಟರ್ ಇಟ್ಟು ಕಂಪನವನ್ನು ಕಂಪನದಿಂದಲೇ ಅಡಗಿಸುವ ವಿದ್ಯೆ ಕಲಿಯಬೇಕೆಂದು ಹೊರಟವರು ಈ ಸೀಮೆಸುಣ್ಣದಿಂದಲೇ ಶುರು ಮಾಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಉಯ್ಯಾಲೆ ತೂಗಿದವರಿಗೆಲ್ಲ ಗೊತ್ತಿರುವ ಸಂಗತಿ ಇದು: ಹೊತ್ತು ನೋಡಿ ತಳ್ಳಿದರೆ ಒಂದು ಬೆರಳು ಸಾಕು, ಹೊತ್ತು ತಪ್ಪಿದರೆ ಎರಡು ಕೈ ಸೇರಿದರೂ ಉಯ್ಯಾಲೆ ಎಡವುತ್ತದೆ. ಸಕ್ರಿಯ ನಿಯಂತ್ರಣದಲ್ಲಿ ಬಲಕ್ಕಿಂತ ಹೊತ್ತು ದೊಡ್ಡದು. ಕೆಳಗಿನ ಪ್ರತಿ ಹಂತದಲ್ಲೂ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಹಂತ 1: ನಡುಕದ ಊರು ಪತ್ತೆ ಮಾಡಿ

ಕಾರಿನಲ್ಲಿ ಪ್ರತಿಯೊಂದು ನಡುಕಕ್ಕೂ ಅದರದೇ ಆವರ್ತನ ಇರುತ್ತದೆ. ಸ್ಪ್ರಿಂಗಿನ ಮೇಲೆ ಕೂತ ಬಾಡಿ 1ರಿಂದ 1.5 ಹರ್ಟ್ಜ್‌ನಲ್ಲಿ ಓಲಾಡುತ್ತದೆ. ಸ್ಪ್ರಿಂಗಿನ ಕೆಳಗಿರುವ ಚಕ್ರ, ಹಬ್, ಬ್ರೇಕ್ ಎಲ್ಲ ಸೇರಿ 10ರಿಂದ 15 ಹರ್ಟ್ಜ್‌ನಲ್ಲಿ ಕುಣಿಯುತ್ತವೆ. ಮನುಷ್ಯನ ದೇಹಕ್ಕೆ ಮೇಲೆ ಕೆಳಗಿನ ಅಲುಗಾಟ ಹೆಚ್ಚು ತಟ್ಟುವುದು 4ರಿಂದ 8 ಹರ್ಟ್ಜ್ ನಡುವೆ. ಹಿಂದೆ ಮುಂದಿನ ಎಳೆದಾಟ ತಟ್ಟುವುದು 2 ಹರ್ಟ್ಜ್‌ಗಿಂತ ಕೆಳಗೆ. ಘಾಟಿಯಲ್ಲಿ ವಾಂತಿ ಬರಿಸುವುದು ಇನ್ನೂ ನಿಧಾನದ, ಅರ್ಧ ಹರ್ಟ್ಜ್‌ಗಿಂತ ಕಡಿಮೆಯ ತೂಗಾಟ.

ಎಂಜಿನ್ನಿನ ಲೆಕ್ಕ ಬೇರೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 800 ಆರ್‌ಪಿಎಂ ಐಡ್ಲಿಂಗಿನಲ್ಲಿ ಅದು 26.7 ಹರ್ಟ್ಜ್. ಮೂರು ಸಿಲಿಂಡರಾದರೆ ಸುತ್ತಿಗೆ ಒಂದೂವರೆ, ಅಂದರೆ 20 ಹರ್ಟ್ಜ್. ಇಂದಿನ ಸಣ್ಣ ಕಾರುಗಳಲ್ಲಿ ಐಡ್ಲಿಂಗ್ ನಡುಕ ಸೀಟಿಗೆ ಹೆಚ್ಚು ಹತ್ತುವುದಕ್ಕೆ ಈ ಕೆಳಗಿಳಿದ ಆವರ್ತನವೂ ಒಂದು ಕಾರಣ.

ಇನ್ನೊಂದು ಲೆಕ್ಕ ನಿಮಗೆ ಖುಷಿ ಕೊಡುತ್ತದೆ. ಸಣ್ಣ ಕಾರಿನ ಟೈರಿನ ಸುತ್ತಳತೆ 1.85 ಮೀಟರ್ ಎಂದುಕೊಳ್ಳಿ. 80ರ ವೇಗದಲ್ಲಿ ಚಕ್ರ ಸೆಕೆಂಡಿಗೆ 12 ಸುತ್ತು ಬರುತ್ತದೆ. ಅದು ಚಕ್ರ ತಾನಾಗಿ ಕುಣಿಯುವ ಆವರ್ತನದ ಮನೆಬಾಗಿಲು. ಬ್ಯಾಲೆನ್ಸಿಂಗ್ ತಪ್ಪಿದ ಚಕ್ರ 50ರಲ್ಲಿ ಸುಮ್ಮನಿದ್ದು 80–100ರಲ್ಲಿ ಸ್ಟೇರಿಂಗ್ ನಡುಗಿಸುವುದು ಹೀಗೆ.

ಹಂತ 2: ಫೋನಿನಿಂದ ಅಳೆಯಿರಿ

ಜರ್ಮನಿಯ ಆಕನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ವೇಗೋತ್ಕರ್ಷದ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಅಲುಗಾಟ ಎಂಬ ಗ್ರಾಫು, ನೇರವಾಗಿ ಕಾಣುತ್ತದೆ. ಮೊದಲು ನಿಮ್ಮ ಫೋನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂದು ನೋಡಿ. 100 ಸಲ ಅಳೆಯುವ ಫೋನು 50 ಹರ್ಟ್ಜ್‌ವರೆಗೆ ಮಾತ್ರ ನಿಜ ಹೇಳುತ್ತದೆ. ಮೇಲಿನ ಕಂಪನಗಳು ವೇಷ ಬದಲಿಸಿಕೊಂಡು ಕೆಳಗಿನ ಆವರ್ತನದಲ್ಲಿ ಕಾಣಿಸಿಕೊಳ್ಳುತ್ತವೆ. ಆ 91 ಹರ್ಟ್ಜ್ ಅಂಥ ಫೋನಿನಲ್ಲಿ 9 ಹರ್ಟ್ಜ್ ಎಂದು ಕಂಡು ನಮ್ಮನ್ನು ಮತ್ತೆ ಸಸ್ಪೆನ್ಶನ್ ಕಡೆಗೇ ಕಳಿಸುತ್ತಿತ್ತು.

ಫೋನನ್ನು ಹೋಲ್ಡರಿಗೆ ಸಿಕ್ಕಿಸಬೇಡಿ, ಹೋಲ್ಡರಿಗೂ ತನ್ನದೇ ಅದುರಾಟ ಇದೆ. ಸೀಟಿನ ಕಂಬಿಯ ಬುಡದಲ್ಲಿ, ನೆಲದ ಉಕ್ಕಿನ ಮೇಲೆ ಎರಡು ಬದಿ ಅಂಟುವ ಟೇಪ್ ಹಾಕಿ ಕೂರಿಸಿ. ಅದೇ ರಸ್ತೆ, ಅದೇ ವೇಗ, ಅದೇ ಗಾಳಿ ಒತ್ತಡ, ಅದೇ ಜನ: ಇವಿಷ್ಟನ್ನು ಬದಲಿಸದೆ ಮೂರು ಸಲ ಓಡಿಸಿ. ಹಾಸನದಿಂದ ಬೇಲೂರಿನ ಕಡೆ ಸಮನಾದ ಒಂದು ತುಂಡು, ತೋಟದ ಮಣ್ಣುದಾರಿಯ ಒಂದು ತುಂಡು ಆರಿಸಿಕೊಂಡರೆ ನಯ, ಒರಟು ಎರಡೂ ಸಿಗುತ್ತವೆ. ಓಡಿಸುವವರೊಬ್ಬರು, ಫೋನ್ ನೋಡುವವರು ಇನ್ನೊಬ್ಬರು.

ಚಕ್ರದ ಕುಣಿತವನ್ನೇ ಎಬ್ಬಿಸಿ ನೋಡಬೇಕೆಂದರೆ ಖಾಲಿ ಮೈದಾನದಲ್ಲಿ 2 ಸೆಂ.ಮೀ. ಎತ್ತರದ ಮರದ ರೀಪರುಗಳನ್ನು ಒಂದೊಂದು ಮೀಟರ್ ಅಂತರದಲ್ಲಿ ಹತ್ತು ಸಾಲು ಹಾಸಿ, ಜಾರದಂತೆ ಮೊಳೆ ಹೊಡೆಯಿರಿ. ಮೊಳೆಯ ತಲೆ ಮರದೊಳಗೆ ಇಳಿದಿರಲಿ. 40 ಕಿ.ಮೀ. ವೇಗದಲ್ಲಿ ದಾಟಿದರೆ 11 ಹರ್ಟ್ಜ್, 20ರಲ್ಲಿ 5.6 ಹರ್ಟ್ಜ್. ಕಾಸು ಖರ್ಚಿಲ್ಲದ ಶೇಕರ್ ಇದು.

ಹಂತ 3: ಸವೆದದ್ದನ್ನು ಸರಿಮಾಡಿ

ಬುಶ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಎಂಜಿನ್ ಮೌಂಟಿಂಗ್, ಕ್ರಾಸ್, ಎಣ್ಣೆ ಒಸರುವ ಶಾಕ್ ಅಬ್ಸಾರ್ಬರ್, ಚಕ್ರದ ಬ್ಯಾಲೆನ್ಸಿಂಗ್. ಇವನ್ನು ಬಿಟ್ಟು ಎಲೆಕ್ಟ್ರಾನಿಕ್ಸ್ ಕಡೆ ಹೋಗಬೇಡಿ. ಸಡಿಲವಾದ ಜಾಯಿಂಟಿನಲ್ಲಿ ಆಟ ಇರುತ್ತದೆ. ಆಟ ಇರುವ ಕಡೆ ಕಂಟ್ರೋಲರ್ ಕೊಟ್ಟ ಬಲ ತಡವಾಗಿ ಮುಟ್ಟುತ್ತದೆ.

ಹಂತ 4: ಕಾಲು ಕಾರನ್ನು ಕಾಗದದ ಮೇಲೆ ಕಟ್ಟಿ

ಇಡೀ ಕಾರನ್ನು ಲೆಕ್ಕ ಮಾಡಬೇಕಿಲ್ಲ, ಒಂದು ಮೂಲೆ ಸಾಕು. ಬಾಡಿಯ ಪಾಲು 300 ಕಿಲೋ, ಚಕ್ರದ ಪಾಲು 40 ಕಿಲೋ, ಸ್ಪ್ರಿಂಗ್ ಮೀಟರಿಗೆ 18,000 ನ್ಯೂಟನ್, ಟೈರು ಅದರ ಹತ್ತು ಪಟ್ಟು ಗಡುಸು ಎಂದಿಟ್ಟುಕೊಳ್ಳಿ. ಗಡಸುತನವನ್ನು ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.283ರಿಂದ ಭಾಗಿಸಿದರೆ ಆವರ್ತನ. ಬಾಡಿಗೆ ಸ್ಪ್ರಿಂಗ್, ಟೈರು ಒಂದರ ಕೆಳಗೊಂದು ಇರುವುದರಿಂದ ಎರಡೂ ಸೇರಿದ ಗಡಸುತನ 16,400, ಬರುವುದು 1.18 ಹರ್ಟ್ಜ್. ಚಕ್ರಕ್ಕೆ ಎರಡೂ ಕೂಡಿಕೊಂಡು 1,98,000, ಬರುವುದು 11.2 ಹರ್ಟ್ಜ್. ನಿಮ್ಮ ಫೋನು ತೋರಿಸಿದ್ದು ಇದರ ಹತ್ತಿರ ಇದ್ದರೆ ಮಾದರಿ ಸರಿಯಿದೆ.

ಈಗ ಡ್ಯಾಂಪಿಂಗ್, ಅಂದರೆ ಓಲಾಟವನ್ನು ತಗ್ಗಿಸುವ ಗುಣ. ಸಾಮಾನ್ಯ ಶಾಕ್ ಅಬ್ಸಾರ್ಬರಿನ ಸಂಕಟ ಇಲ್ಲಿದೆ. ಡ್ಯಾಂಪಿಂಗ್ ಅನುಪಾತವನ್ನು 0.7ಕ್ಕೆ ಏರಿಸಿದರೆ ಓಲಾಟದ ಆವರ್ತನದಲ್ಲಿ ರಸ್ತೆಯ ಅಲುಗಾಟ 1.23 ಪಟ್ಟಿಗೆ ಇಳಿಯುತ್ತದೆ, ಒಳ್ಳೆಯದೇ. ಆದರೆ ಅದರ ಐದು ಪಟ್ಟು ಆವರ್ತನದಲ್ಲಿ ನೂರಕ್ಕೆ 28 ಭಾಗ ಒಳಗೆ ನುಗ್ಗುತ್ತದೆ. ಸಡಿಲ ಮಾಡಿದರೆ ಸಣ್ಣ ಕಲ್ಲುಗಳು ತಿಳಿಯುವುದಿಲ್ಲ, ಹಂಪ್ ದಾಟಿದ ಮೇಲೆ ಗಾಡಿ ದೋಣಿಯಾಗುತ್ತದೆ. ಕಂಪನಿಗಳು 0.2ರಿಂದ 0.4ರ ನಡುವೆ ಎಲ್ಲೋ ರಾಜಿಯಾಗುತ್ತವೆ.

ಅಮೆರಿಕದ ಡೀನ್ ಕಾರ್ನಾಪ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಸ್ಕೈಹುಕ್ ವಿಚಾರ ಈ ರಾಜಿಯನ್ನು ಮುರಿಯಿತು. ಡ್ಯಾಂಪರಿನ, ಅಂದರೆ ಶಾಕ್ ಅಬ್ಸಾರ್ಬರಿನ, ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಚಕ್ರದ ಬದಲು ಆಕಾಶದ ಕೊಕ್ಕೆಗೆ ಕಟ್ಟಿದ್ದರೆ? ಅದೇ 0.7 ಅನುಪಾತಕ್ಕೆ ಓಲಾಟ 0.71 ಪಟ್ಟು, ಐದು ಪಟ್ಟು ಆವರ್ತನದಲ್ಲಿ ನುಗ್ಗುವುದು ನೂರಕ್ಕೆ 4 ಭಾಗ. ಆಕಾಶದಲ್ಲಿ ಕೊಕ್ಕೆ ಇಲ್ಲ. ಇದ್ದಂತೆ ನಟಿಸುವ ಕೆಲಸ ಕಂಟ್ರೋಲರಿನದು. ಇಷ್ಟು ಸರಳ ಆಲೋಚನೆ ಇಷ್ಟು ದೂರ ನಡೆದದ್ದು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಹಂತ 5: ಮೇಜಿನ ಮೇಲೆ ರಿಗ್ ಕಟ್ಟಿ

ಮನೆಯಲ್ಲಿ ಮಾಡಿದ ಕಂಟ್ರೋಲರನ್ನು ರಸ್ತೆಯ ಕಾರಿಗೆ ಕಟ್ಟಬೇಡಿ. ಪ್ರಾಣದ ಪ್ರಶ್ನೆ ಅದು. ನೋಂದಣಿಯಾದ ವಾಹನದ ಮೂಲ ರಚನೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವೂ ಇದೆ. ಕಲಿಕೆಗೆ ಮೇಜಿನ ಮೇಲಿನ ಪುಟ್ಟ ಮಾದರಿ, ಅಂದರೆ ರಿಗ್ಗೇ ಸಾಕು.

ಬಾಡಿಯ ಬದಲು 10 ಕಿಲೋ. ಆವರ್ತನ 1.2 ಹರ್ಟ್ಜ್‌ಗೆ ಇಡಲು ಹೊರಟರೆ ಸ್ಪ್ರಿಂಗ್ ಬರೀ ತೂಕಕ್ಕೇ 17 ಸೆಂ.ಮೀ. ಕುಸಿಯುತ್ತದೆ, ಮೇಜಿನ ಮೇಲೆ ಸಂಭಾಳಿಸಲಾಗದು. 2 ಹರ್ಟ್ಜ್‌ಗೆ ಇಟ್ಟರೆ ಕುಸಿತ 6.2 ಸೆಂ.ಮೀ. ಮಾತ್ರ. ಅದಕ್ಕೆ ಬೇಕಾದ ಗಡಸುತನ ಮೀಟರಿಗೆ 1,580 ನ್ಯೂಟನ್. ಚಕ್ರದ ಬದಲು ಒಂದೂವರೆ ಕಿಲೋ. ಟೈರಿನ ಬದಲು ಮಿಲಿಮೀಟರಿಗೆ 15 ನ್ಯೂಟನ್ ಆಸುಪಾಸಿನ ಗಡುಸು ಸ್ಪ್ರಿಂಗ್, ಬೈಕಿನ ಹಿಂದಿನ ಶಾಕಿನದು ಅಳೆದು ನೋಡಿ. ಚಕ್ರದ ಕುಣಿತ 16.7 ಹರ್ಟ್ಜ್ ಬರುತ್ತದೆ.

ಎರಡೂ ತೂಕಗಳು ಮೇಲೆ ಕೆಳಗೆ ಮಾತ್ರ ಜಾರಬೇಕು. ಮೇಜಿನ ಡ್ರಾಯರಿನ ಚಾನೆಲ್ ಬಳಸಿದ ಒಂದು ತಂಡದ ರಿಗ್ಗಿನಲ್ಲಿ ಘರ್ಷಣೆಯೇ ಡ್ಯಾಂಪರ್ ಆಗಿಬಿಟ್ಟಿತ್ತು, ಕಂಟ್ರೋಲ್ ಹಚ್ಚಿದರೂ ಆರಿಸಿದರೂ ಒಂದೇ ಗ್ರಾಫು. ಲೀನಿಯರ್ ಬೇರಿಂಗ್ ಹಾಕಿ, ಹಣ ಉಳಿಸುವ ಜಾಗ ಇದಲ್ಲ.

ಆಕ್ಚುಯೇಟರಿಗೆ ಗುಜರಿಯಲ್ಲಿ ಹಳೆಯ 10 ಅಥವಾ 12 ಇಂಚಿನ ವೂಫರ್ ಹುಡುಕಿ. ಕಾಗದದ ಕೋನ್ ಕತ್ತರಿಸಿ ತೆಗೆಯಿರಿ, ಕಾಯಿಲನ್ನು ನಡುವೆ ಹಿಡಿದಿರುವ ಸುಕ್ಕು ಬಟ್ಟೆಯ ಸ್ಪೈಡರ್ ಉಳಿಯಲಿ. ಅಯಸ್ಕಾಂತ ಬಾಡಿಯ ಕಡೆ, ಅದರ ತೂಕ 10 ಕಿಲೋದಲ್ಲಿ ಸೇರಲಿ. ಕಾಯಿಲಿನಿಂದ ಹಗುರ ಕಡ್ಡಿಯೊಂದು ಚಕ್ರದ ಕಡೆಗೆ. ಸ್ಪೈಡರಿನ ಗಡಸುತನ ಸ್ಪ್ರಿಂಗಿಗೆ ಕೂಡಿಕೊಳ್ಳುತ್ತದೆ, ತೂಕ ಇಟ್ಟು ಅಳೆದು ಅಷ್ಟನ್ನು ಸ್ಪ್ರಿಂಗಿನಲ್ಲಿ ಕಳೆಯಿರಿ. ಭಾರ ಹೊತ್ತು ನಿಂತಾಗ ಕಾಯಿಲು ನಟ್ಟ ನಡುವೆ ಇರುವಂತೆ ಕಡ್ಡಿಯ ಉದ್ದ ಹೊಂದಿಸಿ. ಒಂದು ಆಂಪಿಯರಿಗೆ ಎಷ್ಟು ಬಲ ಎಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಕಾಯಿಲಿನಿಂದ ಒತ್ತಿಸಿ. ತಕ್ಕಡಿಯ ಪ್ರತಿ 100 ಗ್ರಾಂಗೆ ಒಂದು ನ್ಯೂಟನ್ ಲೆಕ್ಕ ಹಿಡಿದರೆ ಸಾಕು.

ರಸ್ತೆಯ ಬದಲು ಕಾರ್ಡ್‌ಲೆಸ್ ಡ್ರಿಲ್ಲಿಗೆ ಸಿಕ್ಕಿಸಿದ, ನಡುವಿನಿಂದ 1 ಮಿ.ಮೀ. ಸರಿದ ಎಕ್ಸೆಂಟ್ರಿಕ್. ಡ್ಯಾಂಪಿಂಗ್ 0.1 ಇದ್ದರೆ 2 ಹರ್ಟ್ಜ್‌ನಲ್ಲಿ ಆ 1 ಮಿ.ಮೀ. ಐದು ಪಟ್ಟಾಗುತ್ತದೆ, ವೂಫರಿನ ಓಟಕ್ಕೆ ಅಷ್ಟೇ ಮಿತಿ. ಹೆಚ್ಚಿಸಬೇಡಿ.

ಹಂತ 6: ಕಂಟ್ರೋಲ್ ಬರೆಯಿರಿ

ಬಾಡಿಯ ಮೇಲೊಂದು ವೇಗೋತ್ಕರ್ಷ ಅಳೆಯುವ ಎಡಿಎಕ್ಸ್‌ಎಲ್345 ಆಕ್ಸಿಲರೋಮೀಟರ್, ಎರಡು ತೂಕಗಳ ನಡುವಿನ ಅಂತರಕ್ಕೆ ಒಂದು ಸ್ಲೈಡ್ ಪೊಟೆನ್ಶಿಯೋಮೀಟರ್, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ವೂಫರಿಗೆ ಎರಡೂ ದಿಕ್ಕಿನಲ್ಲಿ ಕರೆಂಟ್ ಹರಿಸುವ ಎಚ್-ಬ್ರಿಡ್ಜ್. ಅಳೆದು, ಲೆಕ್ಕ ಹಾಕಿ, ಬಲ ಕೊಡುವ ಲೂಪು ಸೆಕೆಂಡಿಗೆ 500ರಿಂದ 1000 ಸಲ ಓಡಲಿ.

ವೇಗೋತ್ಕರ್ಷವನ್ನು ಕೂಡಿಸುತ್ತಾ ಹೋದರೆ ಬಾಡಿಯ ವೇಗ. ಸೆನ್ಸರಿನ ಸಣ್ಣ ತಪ್ಪೂ ಕೂಡಿಕೊಂಡು ಬೆಟ್ಟವಾಗುವುದರಿಂದ 0.3 ಹರ್ಟ್ಜ್‌ನ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ನಿಧಾನದ ಏರಿಳಿತವನ್ನು ತಡೆಯುವ ಫಿಲ್ಟರ್ ಬೇಕು. ಅಂತರದ ಬದಲಾವಣೆಯಿಂದ ಸಾಪೇಕ್ಷ ವೇಗ.

ನಿಯಮ ಹೀಗಿದೆ. ಬಾಡಿ ಮೇಲೇಳುತ್ತಿದೆ, ಡ್ಯಾಂಪರ್ ಹಿಗ್ಗುತ್ತಿದೆ: ಗಡುಸಾಗು, ಬಾಡಿಯನ್ನು ಕೆಳಗೆಳೆ. ಬಾಡಿ ಮೇಲೇಳುತ್ತಿದೆ, ಆದರೆ ಚಕ್ರ ಇನ್ನೂ ಜೋರಾಗಿ ಮೇಲೆ ಬಂದು ಡ್ಯಾಂಪರ್ ಕುಗ್ಗುತ್ತಿದೆ: ಸಡಿಲಾಗು, ಈಗ ಗಡುಸಾದರೆ ಬಾಡಿಯನ್ನು ಇನ್ನಷ್ಟು ಮೇಲೆ ತಳ್ಳಿದಂತೆ. ಬಾಡಿ ಇಳಿಯುವಾಗ ಕುಗ್ಗಿದರೆ ಗಡುಸು, ಹಿಗ್ಗಿದರೆ ಸಡಿಲ. ಎರಡು ವೇಗಗಳ ಗುಣಲಬ್ಧದ ಚಿಹ್ನೆ ನೋಡಿದರೆ ನಾಲ್ಕೂ ಸಂದರ್ಭ ಒಂದೇ ಸಾಲಿನ ಕೋಡು. ಚಿಹ್ನೆ ಬದಲಾದಾಗಲೆಲ್ಲ ಬಲ ಹಠಾತ್ತನೆ ಬಿದ್ದು ಎದ್ದರೆ ಅದೇ ಹೊಸ ಜರ್ಕ್ ಆಗುತ್ತದೆ. ಆದ್ದರಿಂದ ಬಾಡಿಯ ವೇಗಕ್ಕೆ ತಕ್ಕಂತೆ ಬಲವನ್ನು ಏರಿಳಿಸಿ.

ವೂಫರ್ ಎರಡೂ ದಿಕ್ಕಿಗೆ ತಳ್ಳಬಲ್ಲದು, ಆದ್ದರಿಂದ ಪೂರ್ಣ ಸಕ್ರಿಯ ನಿಯಂತ್ರಣವನ್ನೂ ಮಾಡಿ ನೋಡಬಹುದು. ಗುಣಲಬ್ಧ ಧನವಾಗಿದ್ದಾಗ ಮಾತ್ರ ಬಲ ಬಿಟ್ಟರೆ ಅದೇ ರಿಗ್ಗು ಅರೆಸಕ್ರಿಯ ಡ್ಯಾಂಪರಿನಂತೆ, ಅಂದರೆ ತಾನಾಗಿ ತಳ್ಳದೆ ಗಡುಸು ಸಡಿಲವಷ್ಟೇ ಆಗುವ ಡ್ಯಾಂಪರಿನಂತೆ ವರ್ತಿಸುತ್ತದೆ. ಎರಡೂ ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಅರೆಸಕ್ರಿಯ ಎಷ್ಟು ಹತ್ತಿರ ಬರುತ್ತದೆಂದು ಬೆರಗಾಗುತ್ತೀರಿ. ಪೂರ್ಣ ಸಕ್ರಿಯ ವ್ಯವಸ್ಥೆ ಕಾರಿನಲ್ಲಿ ಕಿಲೋವ್ಯಾಟ್ ಲೆಕ್ಕದಲ್ಲಿ ಶಕ್ತಿ ಕೇಳುತ್ತದೆ, ಅರೆಸಕ್ರಿಯಕ್ಕೆ ಒಂದೆರಡು ಬಲ್ಬಿನಷ್ಟು ಸಾಕು. 1992ರಲ್ಲಿ ವಿಲಿಯಮ್ಸ್ ಎಫ್‌ಡಬ್ಲ್ಯು14ಬಿ ಸಕ್ರಿಯ ಸಸ್ಪೆನ್ಶನ್‌ನೊಂದಿಗೆ ಫಾರ್ಮುಲಾ ಒನ್ ಗೆದ್ದಿತು, 1994ರಿಂದ ಅಲ್ಲಿ ಅದಕ್ಕೆ ನಿಷೇಧ. ರಸ್ತೆಯ ಕಾರುಗಳಲ್ಲಿ ಹರಡಿದ್ದು ಅರೆಸಕ್ರಿಯವೇ. ಜೇಕಬ್ ರಾಬಿನೋ 1940ರ ದಶಕದ ಕೊನೆಗೆ ಕಂಡುಹಿಡಿದ, ಅಯಸ್ಕಾಂತ ಹಿಡಿದರೆ ಗಟ್ಟಿಯಾಗುವ ಕಬ್ಬಿಣದ ಪುಡಿ ಬೆರೆತ ಎಣ್ಣೆ 2002ರಲ್ಲಿ ಕ್ಯಾಡಿಲಾಕ್ ಸೆವಿಲ್‌ನ ಡ್ಯಾಂಪರಿನೊಳಗೆ ಬಂತು.

ಹಂತ 7: ತಡವನ್ನು ಅಳೆಯಿರಿ

ಹೆಚ್ಚಿನ ಪ್ರಾಜೆಕ್ಟುಗಳು ಸೋಲುವುದು ಇಲ್ಲಿ. ಸೆನ್ಸರ್ ಓದಲು ಸ್ವಲ್ಪ, ಫಿಲ್ಟರಿಗೆ ಸ್ವಲ್ಪ, ಲೂಪಿಗೆ ಸ್ವಲ್ಪ, ಕಾಯಿಲಿನಲ್ಲಿ ಕರೆಂಟ್ ಏರಲು ಸ್ವಲ್ಪ. ಎಲ್ಲ ಸೇರಿ 20 ಮಿಲಿಸೆಕೆಂಡ್ ಆಯಿತು ಎನ್ನಿ. ಒಂದು ಪೂರ್ತಿ ಕುಣಿತ 360 ಡಿಗ್ರಿ ಎಂದು ಹಿಡಿದು, ಸೆಕೆಂಡಿನಲ್ಲಿ ಬರೆದ ತಡವನ್ನು ಆವರ್ತನದಿಂದಲೂ 360ರಿಂದಲೂ ಗುಣಿಸಿ. ಕಾರಿನ ಓಲಾಟದ 1.2 ಹರ್ಟ್ಜ್‌ನಲ್ಲಿ ಅದು 8.6 ಡಿಗ್ರಿ, ಲೆಕ್ಕಕ್ಕಿಲ್ಲ. ಚಕ್ರದ 12 ಹರ್ಟ್ಜ್‌ನಲ್ಲಿ 86 ಡಿಗ್ರಿ. ವೇಗಕ್ಕೆ ಎದುರಾಗಿ ನಿಲ್ಲಬೇಕಾದ ಬಲ 90 ಡಿಗ್ರಿ ತಡವಾದರೆ ಡ್ಯಾಂಪರ್ ಆಗಿ ಉಳಿಯುವುದಿಲ್ಲ, ದಾಟಿದರೆ ಕುಣಿತಕ್ಕೆ ತಾನೇ ಶಕ್ತಿ ತುಂಬುತ್ತದೆ. ನಿಮ್ಮ ರಿಗ್ಗಿನ 16.7 ಹರ್ಟ್ಜ್‌ನಲ್ಲಿ ಅದೇ 20 ಮಿಲಿಸೆಕೆಂಡು 120 ಡಿಗ್ರಿ! ಚಕ್ರದ ತೂಕ ಚಂಡಮದ್ದಳೆಯಂತೆ ಬಡಿದುಕೊಳ್ಳತೊಡಗಿದರೆ ಗೇನ್, ಅಂದರೆ ಅಳೆದ ವೇಗಕ್ಕೆ ಎಷ್ಟು ಪಟ್ಟು ಬಲ ಎಂಬ ಅಂಕಿ, ಹುಡುಕುತ್ತಾ ಕೂರಬೇಡಿ, ತಡ ಹುಡುಕಿ.

ಅಳೆಯುವ ಬಗೆ: ತೂಕಗಳು ನಿಶ್ಚಲವಾಗಿರುವಾಗ ಬೋರ್ಡಿನಿಂದ ಒಮ್ಮೆಲೇ ಅರ್ಧ ಆಂಪಿಯರ್ ಆಜ್ಞೆ ಕೊಟ್ಟು, ಆ ಕ್ಷಣದಿಂದ ನಿಮ್ಮದೇ ಕೋಡಿನ ಫಿಲ್ಟರ್ ದಾಟಿ ಬಂದ ವೇಗೋತ್ಕರ್ಷ ಅಲುಗುವ ತನಕದ ಮಿಲಿಸೆಕೆಂಡುಗಳನ್ನು ಎಣಿಸಿ. 20 ಹರ್ಟ್ಜ್‌ನ ಸರಳ ಲೋಪಾಸ್ ಫಿಲ್ಟರೊಂದೇ, ಅಂದರೆ ಅದಕ್ಕಿಂತ ವೇಗದ ಏರಿಳಿತವನ್ನು ತಡೆಯುವಂಥದ್ದೇ, ಸುಮಾರು 8 ಮಿಲಿಸೆಕೆಂಡ್ ತಿನ್ನುತ್ತದೆ. ಗ್ರಾಫ್ ನುಣುಪಾಗಿ ಕಾಣಲೆಂದು ಫಿಲ್ಟರ್ ಮೇಲೆ ಫಿಲ್ಟರ್ ಹಾಕುವ ಚಟ ನಮ್ಮ ಹುಡುಗರಲ್ಲಿದೆ, ಬಿಡಬೇಕು. ಬ್ಲೂಟೂತ್, ವೈಫೈ ಲೂಪಿನ ಒಳಗೆ ಬರಲೇಬಾರದು. ದಾಖಲೆ ಕಳಿಸಲು ಬೇಕಾದರೆ ಇರಲಿ.

ಬಾಡಿಯನ್ನಷ್ಟೇ ನೋಡಿಕೊಂಡ ಸ್ಕೈಹುಕ್ ಚಕ್ರವನ್ನು ಕೈಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಚಾರ್ಮಾಡಿಯ ತಿರುವಿನಲ್ಲಿ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಚಕ್ರದ ವೇಗಕ್ಕೆ ಎದುರಾದ ಬಲವನ್ನೂ ಒಂದು ಪಾಲು ಬೆರೆಸಿ, ಇದಕ್ಕೆ ಗ್ರೌಂಡ್‌ಹುಕ್ ಎನ್ನುತ್ತಾರೆ.

ಹಂತ 8: ಡ್ರೈವ್‌ಲೈನಿಗೆ ಬನ್ನಿ

ಶಿರಾಡಿಯಲ್ಲಿ ಲಾರಿಗಳ ಹಿಂದೆ ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟರೆ ಕಾರು ಹಿಂದೆ ಮುಂದೆ ಕುಲುಕುತ್ತದಲ್ಲ, ಅದನ್ನು ಲೆಕ್ಕ ಹಾಕೋಣ. ಒಂದು ಬದಿಗೆ ಎಂಜಿನ್, ಇನ್ನೊಂದು ಬದಿಗೆ ಇಡೀ ಕಾರು, ನಡುವೆ ತಿರುಚಿಕೊಳ್ಳುವ ಸ್ಪ್ರಿಂಗಿನಂತೆ ಆಕ್ಸಲ್ ಶಾಫ್ಟ್. 1,200 ಕಿಲೋ ಕಾರು, 0.3 ಮೀಟರ್ ತ್ರಿಜ್ಯದ ಚಕ್ರ: ತಿರುಗುವಿಕೆಯ ಜಡತ್ವ 108 ಕಿಲೋ-ಚದರ ಮೀಟರ್. ಎಂಜಿನ್ ಮತ್ತು ಫ್ಲೈವೀಲಿನ 0.15ನ್ನು ಒಂದನೇ ಗೇರಿನ ಒಟ್ಟು ಅನುಪಾತ 14ರ ವರ್ಗದಿಂದ ಗುಣಿಸಿದರೆ ಚಕ್ರದ ಬಳಿ 29. ಶಾಫ್ಟಿನ ಗಡಸುತನ ರೇಡಿಯನ್ನಿಗೆ 8,000 ನ್ಯೂಟನ್ ಮೀಟರ್ ಎಂದರೆ ಕುಲುಕಾಟ ಸುಮಾರು 3 ಹರ್ಟ್ಜ್. ಒಟ್ಟು ಅನುಪಾತ 5.5ರ ಮೂರನೇ ಗೇರಿನಲ್ಲಿ ಎಂಜಿನ್ ಹಗುರವಾಗಿ ಕಾಣುವುದರಿಂದ 6.8 ಹರ್ಟ್ಜ್.

ಅಡಗಿಸಲು ಹೊಸ ಆಕ್ಚುಯೇಟರ್ ಬೇಡ, ಎಂಜಿನ್ನೇ ಆಕ್ಚುಯೇಟರ್. ಎಂಜಿನ್ ವೇಗದಿಂದ, ಚಕ್ರದ ವೇಗವನ್ನು ಗೇರ್ ಅನುಪಾತದಿಂದ ಗುಣಿಸಿ ಕಳೆದರೆ ಶಾಫ್ಟ್ ತಿರುಚಿಕೊಳ್ಳುವ ವೇಗ ಸಿಗುತ್ತದೆ. ಅದಕ್ಕೆ ಎದುರಾಗಿ ಟಾರ್ಕನ್ನು ಸ್ವಲ್ಪ ಇಳಿಸುವುದು, ಏರಿಸುವುದು. ಇಲ್ಲೂ ಹೊತ್ತಿನದೇ ಆಟ: 20 ಮಿಲಿಸೆಕೆಂಡ್ ತಡ 3 ಹರ್ಟ್ಜ್‌ನಲ್ಲಿ 22 ಡಿಗ್ರಿ, 6.8ರಲ್ಲಿ 49. ಥ್ರಾಟಲ್ ತೆರೆದು ಗಾಳಿ ತುಂಬುವ ದಾರಿ ಇದಕ್ಕೆ ತೀರ ನಿಧಾನ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯ ಸಮಯ, ಡೀಸೆಲ್ಲಿನಲ್ಲಿ ಇಂಜೆಕ್ಷನ್ನಿನ ಪ್ರಮಾಣ ಬದಲಿಸುತ್ತಾರೆ. ಎಲೆಕ್ಟ್ರಿಕ್ ಕಾರಿನ ಮೋಟಾರು ಮಿಲಿಸೆಕೆಂಡುಗಳಲ್ಲಿ ಟಾರ್ಕ್ ಬದಲಿಸಬಲ್ಲದು, ಅದಕ್ಕೆ ಕ್ಲಚ್ಚೂ ಇಲ್ಲ, ಆದ್ದರಿಂದ ಈ ನಿಯಂತ್ರಣ ಅಲ್ಲಿ ಸಾಧ್ಯವೂ ಹೌದು, ಅನಿವಾರ್ಯವೂ ಹೌದು.

ಮೇಜಿನ ಮೇಲೆ ಮಾಡಲು ಎರಡು ಡಿಸ್ಕು, ನಡುವೆ ತೆಳು ಉಕ್ಕಿನ ಸರಳು, ಒಂದು ತುದಿಗೆ ಡಿಸಿ ಮೋಟಾರು, ಎರಡೂ ತುದಿಗೆ ತಿರುಗಿದ್ದನ್ನು ಅಳೆಯುವ ಎನ್‌ಕೋಡರ್ ಸಾಕು. ಮೊದಲು ನಿಯಂತ್ರಣವಿಲ್ಲದೆ ಟಾರ್ಕ್ ಒಮ್ಮೆಲೇ ಕೊಟ್ಟು ಎಷ್ಟು ಸಲ ಕುಲುಕಿ ನಿಲ್ಲುತ್ತದೆ ನೋಡಿ. ಆಮೇಲೆ ಗೇನನ್ನು ಸೊನ್ನೆಯಿಂದ ನಿಧಾನ ಏರಿಸಿ.

ಗೇರುಗಳ ನಡುವಿನ ಆಟ ಮಾತ್ರ ಈ ಉಪಾಯಕ್ಕೆ ಬಗ್ಗುವುದಿಲ್ಲ. ಟಾರ್ಕ್ ಋಣದಿಂದ ಧನಕ್ಕೆ ದಾಟುವಾಗ ಹಲ್ಲುಗಳು ಒಂದು ಮಗ್ಗುಲು ಬಿಟ್ಟು ಇನ್ನೊಂದಕ್ಕೆ ಹೋಗಿ ಬಡಿಯುತ್ತವೆ, ‘ಟಕ್’ ಎನ್ನುವುದು ಅದೇ. ಆ ಖಾಲಿ ಜಾಗದಲ್ಲಿ ಫೀಡ್‌ಬ್ಯಾಕಿಗೆ ಹಿಡಿಯಲು ಏನೂ ಇರುವುದಿಲ್ಲ. ಸೊನ್ನೆಯ ಆಸುಪಾಸಿನಲ್ಲಿ ಟಾರ್ಕ್ ಏರುವ ವೇಗಕ್ಕೆ ಮಿತಿ ಹಾಕಿ, ಹಲ್ಲು ಮುಟ್ಟಿದ ಮೇಲೆ ಮಿತಿ ತೆಗೆಯಿರಿ. ಮಿತಿ ಅತಿಯಾದರೆ ಓವರ್‌ಟೇಕಿಗೆ ಒತ್ತಿದಾಗ ಕಾರು ಯೋಚನೆಗೆ ಬೀಳುತ್ತದೆ. ಕಡಿಮೆಯಾದರೆ ಟಕ್ ಉಳಿಯುತ್ತದೆ. ರಿಗ್ಗಿನ ಜೋಡಣೆಯಲ್ಲಿ ಬೇಕೆಂದೇ ಎರಡು ಡಿಗ್ರಿ ಆಟ ಬಿಟ್ಟು, ಒಂದೊಂದು ಮಿತಿಗೂ ಟಾರ್ಕ್ ಮುಟ್ಟಲು ಹಿಡಿದ ಹೊತ್ತನ್ನೂ ಬಡಿತದ ಎತ್ತರವನ್ನೂ ಒಂದೇ ಹಾಳೆಯ ಮೇಲೆ ಗುರುತಿಸುತ್ತಾ ಹೋಗಿ. ಹತ್ತು ಚುಕ್ಕೆ ಬೀಳುವಷ್ಟರಲ್ಲಿ ಗೆರೆ ಎಲ್ಲಿ ಬಾಗುತ್ತದೆಂದು ಕಾಣಿಸುತ್ತದೆ, ಮಿತಿಯನ್ನು ಅಲ್ಲಿಡಿ.